ಕಸಿ ಕಾರ್ನಿಯಾ, ರೋಗಿಯ ವಯಸ್ಸು, ದೃಷ್ಟಿಯ ಗುಣ

ಕಾರ್ನಿಯಾ ಕಸಿಯ ಫಲವನ್ನು ವೈದ್ಯರು ಒಂದು ಬಗೆಯಲ್ಲಿ ಅಳೆದರೆ ರೋಗಿಗಳು ಇನ್ನೊಂದು ಬಗೆಯಲ್ಲಿ ಅಳೆಯುತ್ತಾರೆ. ಕಸಿ ಮಾಡಿದ ಪದರ ವರ್ಷಗಳು ಕಳೆದರೂ ತಿಳಿಯಾಗಿ ಉಳಿದಿದ್ದರೆ ಶಸ್ತ್ರಚಿಕಿತ್ಸಕರ ಲೆಕ್ಕದಲ್ಲಿ ಕಸಿ ಗೆದ್ದಂತೆ. ಆದರೆ ಆ ತಿಳಿಯಾದ ಪದರದ ಮೂಲಕ ನೋಡುವ ವ್ಯಕ್ತಿಗೆ ಬಸ್ಸಿನ ಬೋರ್ಡು ಓದಲು, ಅಕ್ಕಿಯಲ್ಲಿನ ಕಲ್ಲು ಆರಿಸಲು, ಮುಸ್ಸಂಜೆಯಲ್ಲಿ ಮೆಟ್ಟಿಲಿನ ಅಂಚು ಗುರುತಿಸಲು ಸಾಧ್ಯವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡರ ನಡುವಿನ ಅಂತರವನ್ನು ನಿರ್ಧರಿಸುವ ಸಂಗತಿಗಳಲ್ಲಿ ರೋಗಿಯ ವಯಸ್ಸು ಮುಖ್ಯವಾದದ್ದು. ಎಳೆಯರಿಗೆ ಒಳ್ಳೆಯ ದೃಷ್ಟಿ ಬರುತ್ತದೆ, ವಯಸ್ಸಾದವರಿಗೆ ಬರುವುದಿಲ್ಲ ಎಂಬ ಸಾಮಾನ್ಯ ನಂಬಿಕೆಯಾದರೋ ಈ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು: ಕಾರ್ನಿಯಾ ಕಸಿಯಲ್ಲಿ ವೈದ್ಯರಿಗೆ ಎಲ್ಲರಿಗಿಂತ ಕಠಿಣವಾದ ಸವಾಲು ಹಸುಗೂಸುಗಳದು, ಮತ್ತು ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಉತ್ತಮ ದೃಷ್ಟಿ ಪಡೆಯುವವರಲ್ಲಿ ಎಪ್ಪತ್ತು ದಾಟಿದವರು ಅನೇಕರಿದ್ದಾರೆ.

ಕಣ್ಣಿನ ಕರಿಭಾಗದ ಮುಂದೆ ಹೊದ್ದಂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಗಲ 11ರಿಂದ 12 ಮಿಲಿಮೀಟರ್ ಮಾತ್ರ. ಆದರೂ ಬೆಳಕನ್ನು ಬಾಗಿಸಿ ರೆಟಿನಾದ ಮೇಲೆ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪರದೆಯ ಮೇಲೆ, ಒಂದೆಡೆ ಸೇರಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಇದರಲ್ಲಿ ರಕ್ತನಾಳಗಳಿಲ್ಲ, ಬೇರೊಬ್ಬರ ಅಂಗಾಂಶವನ್ನು ಶರೀರ ತಿರಸ್ಕರಿಸುವ ಸಾಧ್ಯತೆ ಇಲ್ಲಿ ಮೂತ್ರಪಿಂಡ ಅಥವಾ ಯಕೃತ್ತಿನ ಕಸಿಗಿಂತ ಕಡಿಮೆಯಾಗಿರಲು ಇದೇ ದೊಡ್ಡ ಕಾರಣ. ಕಾರ್ನಿಯಾದ ಒಳಮೈಯಲ್ಲಿ ಎಂಡೋಥೀಲಿಯಂ ಎಂಬ, ಒಂದೇ ಸಾಲು ಜೀವಕೋಶಗಳ ಹಾಸು ಇದ್ದು, ಪದರದೊಳಗೆ ಇಳಿಯುವ ನೀರನ್ನು ಎಡೆಬಿಡದೆ ಹೊರಹಾಕಿ ಅದನ್ನು ತಿಳಿಯಾಗಿಡುವ ಹೊಣೆ ಆ ಕೋಶಗಳ ಮೇಲಿದೆ. ಮನುಷ್ಯರಲ್ಲಿ ಈ ಕೋಶಗಳು ವಿಭಜನೆಗೊಂಡು ಮತ್ತೆ ಹುಟ್ಟುವುದಿಲ್ಲ. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ 2,500ರಿಂದ 3,000ದಷ್ಟಿರುವ ಇವು ಆರೋಗ್ಯವಂತರಲ್ಲಿಯೂ ವರ್ಷಕ್ಕೆ ಸುಮಾರು 0.6 ಶೇಕಡದಂತೆ ಕಡಿಮೆಯಾಗುತ್ತ ಹೋಗಿ, ರೋಗದಿಂದಲೋ ಗಾಯದಿಂದಲೋ ಕೆಲವೇ ನೂರಕ್ಕೆ ಇಳಿದಾಗ ಕಾರ್ನಿಯಾ ನೀರು ತುಂಬಿ ಊದಿಕೊಂಡು ಮಸುಕಾಗುತ್ತದೆ.

ದೃಷ್ಟಿಯ ಗುಣ ಎಂದರೆ ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಎಷ್ಟು ಸಾಲು ಓದಿದರು ಎಂಬುದಷ್ಟೇ ಆಗಲಾರದು. ಬೆಳಕಿರುವ ಕೋಣೆಯಲ್ಲಿ, ಬಿಳಿಯ ಮೇಲೆ ಬರೆದ ಕಡುಕಪ್ಪು ಅಕ್ಷರಗಳನ್ನು ಓದಬಲ್ಲವರಿಗೂ ಬೂದುಬಣ್ಣದ ಗೋಡೆಯ ಪಕ್ಕದ ಬೂದುಬಣ್ಣದ ಕಂಬ ಕಾಣದೆ ಹೋಗಬಹುದು. ಹೀಗೆ ಹತ್ತಿರದ ಛಾಯೆಗಳನ್ನು ಬೇರ್ಪಡಿಸಿ ನೋಡುವ ಶಕ್ತಿಯನ್ನು ಬೇರೆಯೇ ಪರೀಕ್ಷೆಗಳಿಂದ ಅಳೆಯಬೇಕಾಗುತ್ತದೆ. ರಾತ್ರಿ ಎದುರಿನಿಂದ ಬರುವ ವಾಹನದ ದೀಪ ಚೆಲ್ಲಾಪಿಲ್ಲಿಯಾಗಿ ಹರಡಿ ಕಣ್ಣು ಕುಕ್ಕುವುದು, ಒಂದೇ ಗೆರೆ ಎರಡಾಗಿ ನೆರಳುಬಿದ್ದಂತೆ ತೋರುವುದು, ಎರಡು ಕಣ್ಣುಗಳ ಪವರ್ ನಡುವೆ ದೊಡ್ಡ ಅಂತರವಿರುವುದರಿಂದ ಕನ್ನಡಕ ಹೊಂದದಿರುವುದು, ಇವೆಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ. ಪೂರ್ಣ ದಪ್ಪದ ಕಾರ್ನಿಯಾವನ್ನು ಬದಲಿಸಿ, ತಲೆಗೂದಲಿಗಿಂತ ತೆಳುವಾದ ನೈಲಾನ್ ಎಳೆಯಿಂದ ಸಾಮಾನ್ಯವಾಗಿ ಹದಿನಾರರಷ್ಟು ಹೊಲಿಗೆ ಹಾಕಿದಾಗ, ಒಂದೆಡೆ ಬಿಗಿ ಒಂದೆಡೆ ಸಡಿಲವಾಗಿ ಕಾರ್ನಿಯಾದ ಮೈ ಚೆಂಡಿನಂತೆ ಸಮನಾಗಿ ಬಾಗದೆ ಮೊಟ್ಟೆಯಂತೆ ಬಾಗುವುದುಂಟು. ಅಸ್ಟಿಗ್ಮಾಟಿಸಂ ಎನ್ನಲಾಗುವ ಈ ದೋಷ, ಕನ್ನಡಕದ ಪವರ್ ಅಳೆಯುವ ಡಯಾಪ್ಟರಿನ ಲೆಕ್ಕದಲ್ಲಿ, 4 ಅಥವಾ 5ರಷ್ಟಿರುವುದು ಪೂರ್ಣ ಕಸಿಯ ನಂತರ ಅಪರೂಪವೇನಲ್ಲ, ಮತ್ತು ಕಸಿ ಗಾಜಿನಂತೆ ತಿಳಿಯಾಗಿದ್ದರೂ ನೋಟ ಮಸುಕಾಗಿರಲು ಇದೊಂದೇ ಸಾಕು.

ಮಕ್ಕಳ ವಿಷಯದಲ್ಲಿ ಮೊದಲ ತೊಡಕು ಕಣ್ಣಿನಲ್ಲಿ ಇಲ್ಲ, ಮಿದುಳಿನಲ್ಲಿದೆ. ಹುಟ್ಟಿದ ಮಗುವಿಗೆ ನೋಡುವುದು ತಾನಾಗಿ ಬರುವುದಿಲ್ಲ. ಎರಡು ಕಣ್ಣುಗಳಿಂದಲೂ ಸ್ಪಷ್ಟವಾದ ಬಿಂಬ ಸತತವಾಗಿ ತಲುಪುತ್ತಿದ್ದಾಗ ಮಾತ್ರ ಮಿದುಳಿನ ದೃಷ್ಟಿಕೇಂದ್ರದ ನರಕೋಶಗಳು ಸರಿಯಾದ ಸಂಪರ್ಕಗಳನ್ನು ಕಟ್ಟಿಕೊಳ್ಳುತ್ತವೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಮುಚ್ಚಿ ಬೆಳೆಸಿ, ಎಳೆತನದ ನಿರ್ದಿಷ್ಟ ಕಾಲಾವಧಿಯಲ್ಲಿ ಬೆಳಕಿನ ಚಿತ್ರ ಸಿಗದ ಕಣ್ಣು ಮುಂದೆ ರೆಪ್ಪೆ ತೆರೆದರೂ ಕಾಣಲಾರದೆಂದು ತೋರಿಸಿಕೊಟ್ಟರು. 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯರಲ್ಲಿ ಈ ಕಲಿಕೆಯ ಅವಧಿ ಮೊದಲ ತಿಂಗಳುಗಳಲ್ಲಿ ಅತ್ಯಂತ ತೀವ್ರವಾಗಿದ್ದು, ಏಳೆಂಟು ವರ್ಷದ ಹೊತ್ತಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಹುಟ್ಟಿನಿಂದಲೇ ಮಸುಕಾಗಿದ್ದ ಕಾರ್ನಿಯಾವನ್ನು ಹತ್ತನೆಯ ವಯಸ್ಸಿನಲ್ಲಿ ಬದಲಿಸಿದರೆ ಕಸಿ ತಿಳಿಯಾಗಿಯೇ ಇರಬಹುದು, ಆದರೆ ಅದರ ಮೂಲಕ ಬಂದ ಬಿಂಬವನ್ನು ಓದಲು ಮಿದುಳು ಕಲಿತಿರುವುದಿಲ್ಲ. ಆಡುಮಾತಿನಲ್ಲಿ ಸೋಮಾರಿ ಕಣ್ಣು ಎನ್ನುವ ಈ ಸ್ಥಿತಿಗೆ ಆ ಮಗುವಿನ ಸೋಮಾರಿತನ ಖಂಡಿತ ಕಾರಣವಲ್ಲ.

ಇಲ್ಲಿ ಎರಡು ವಯಸ್ಸುಗಳನ್ನು ಬೇರೆಬೇರೆಯಾಗಿ ಕೇಳಬೇಕು: ಶಸ್ತ್ರಚಿಕಿತ್ಸೆಯಾದಾಗ ಮಗುವಿಗೆ ಎಷ್ಟು ವಯಸ್ಸಾಗಿತ್ತು ಎಂಬುದರಷ್ಟೇ, ಕಾರ್ನಿಯಾ ಮಸುಕಾದಾಗ ಎಷ್ಟು ವಯಸ್ಸಾಗಿತ್ತು ಎಂಬುದೂ ಮುಖ್ಯ. ಏಳು ವರ್ಷ ಚೆನ್ನಾಗಿ ನೋಡಿ, ಆಮೇಲೆ ಪೆನ್ಸಿಲ್ ಚುಚ್ಚಿಕೊಂಡೋ ಸೋಂಕಿನಿಂದಲೋ ಕಣ್ಣಿಗೆ ಹೂ ಬಿದ್ದ ಮಗುವಿನ ಮಿದುಳು ನೋಡುವುದನ್ನು ಆಗಲೇ ಕಲಿತಿರುವುದರಿಂದ ಆ ಮಗುವಿನ ಕಸಿಯಿಂದ ನಿರೀಕ್ಷಿಸಬಹುದಾದ ದೃಷ್ಟಿಯೇ ಬೇರೆ. ಹುಟ್ಟುವಾಗಲೇ ಬಿಳಿಯಾದ ಕಾರ್ನಿಯಾ ಹೊತ್ತು ಬಂದ ಮಗುವಿನದೇ ಬೇರೆ.

ಹಾಗಾದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಎಲ್ಲ ಮಕ್ಕಳಿಗೂ ಕಸಿ ಮಾಡಿಬಿಡಬಾರದೇಕೆ ಎಂಬ ಪ್ರಶ್ನೆ ಸಹಜ. ಶಿಶುವಿನ ಕಣ್ಣಿನ ಗೋಡೆ ಮೆದುವಾಗಿದ್ದು, ಕಾರ್ನಿಯಾವನ್ನು ಕತ್ತರಿಸಿ ತೆಗೆದ ಕ್ಷಣದಲ್ಲಿ ಕಣ್ಣಿನೊಳಗಿನ ಮಸೂರವೂ ಪಾಪೆಯ ಸುತ್ತಲಿನ ಬಣ್ಣದ ಪಟಲವೂ ಆ ತೆರವಿನತ್ತ ನುಗ್ಗಿ ಬರುತ್ತವೆ. ಶಸ್ತ್ರಚಿಕಿತ್ಸೆ ಸುಸೂತ್ರವಾದರೂ ಎಳೆಯ ಶರೀರದ ರೋಗನಿರೋಧಕ ಶಕ್ತಿ ಚುರುಕಾಗಿರುವುದರಿಂದ ಕಸಿಯ ತಿರಸ್ಕಾರ ಹೆಚ್ಚು, ಗಾಯ ಮಾಯುವ ವೇಗವೂ ಹೆಚ್ಚು. ಬೇಗ ಮಾಯುವುದು ಒಳ್ಳೆಯದೇ ಅಲ್ಲವೇ ಎನಿಸಬಹುದು. ಆದರೆ ವಯಸ್ಕರಲ್ಲಿ ವರ್ಷಕ್ಕೂ ಮಿಕ್ಕಿ ಬಿಗಿಯಾಗಿ ಉಳಿಯುವ ಹೊಲಿಗೆ ಶಿಶುವಿನಲ್ಲಿ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ ಆ ಸಡಿಲ ಎಳೆಯ ತುದಿಗೆ ಕಣ್ಣಿನ ಲೋಳೆ ಅಂಟಿಕೊಂಡಿರುವುದೂ, ಸುತ್ತ ಬಿಳಿಯ ಮಸುಕೊಂದು ಕಟ್ಟಿರುವುದೂ, ಬಿಳಿಗುಡ್ಡೆಯ ಕಡೆಯಿಂದ ಒಂದು ಸಣ್ಣ ಕೆಂಪು ರಕ್ತನಾಳ ಅದರತ್ತ ತೆವಳಿಕೊಂಡು ಬರುತ್ತಿರುವುದೂ ಕಾಣುತ್ತದೆ. ಆ ರಕ್ತನಾಳ ಕಸಿಯನ್ನು ಮುಟ್ಟಿತೆಂದರೆ ತಿರಸ್ಕಾರಕ್ಕೆ ದಾರಿ ತೆರೆದಂತೆ. ಮಗು ದೀಪದ ಮುಂದೆ ಗಲ್ಲವೂರಿ ಕೂರುವುದಿಲ್ಲವಾದ್ದರಿಂದ ಇದನ್ನು ನೋಡಲೂ, ಹೊಲಿಗೆ ತೆಗೆಯಲೂ ಪ್ರತಿಬಾರಿ ಅರಿವಳಿಕೆ ಕೊಡಬೇಕಾಗುತ್ತದೆ. ಅದರ ಮೇಲೆ ಕನ್ನಡಕ, ಚೆನ್ನಾಗಿ ಕಾಣುವ ಇನ್ನೊಂದು ಕಣ್ಣಿಗೆ ದಿನವೂ ಗಂಟೆಗಟ್ಟಲೆ ಪಟ್ಟಿ, ವರ್ಷಗಳ ಕಾಲ ಹನಿಮದ್ದು; ಈ ಶ್ರಮವೆಲ್ಲ ಮಗುವಿನ ತಾಯಿಯ ಪಾಲಿಗೇ ಬರುವುದು ಹೆಚ್ಚು, ಮತ್ತು ಕಸಿಯ ಫಲದ ಅರ್ಧ ಭಾಗ ಅವಳ ಕೈಯಲ್ಲಿದೆ ಎಂಬುದನ್ನು ಆಸ್ಪತ್ರೆಗಳು ಮೊದಲೇ ಬಿಡಿಸಿ ಹೇಳಬೇಕು. ಇಷ್ಟೆಲ್ಲ ತೊಡಕಿರುವುದರಿಂದಲೇ ಮಸುಕು ಕಾರ್ನಿಯಾದ ನಡುವೆ ಮಾತ್ರ ಇದ್ದು ಅಂಚು ತಿಳಿಯಾಗಿರುವ ಕೆಲವು ಮಕ್ಕಳಲ್ಲಿ ಕಸಿಯ ಗೊಡವೆಗೆ ಹೋಗದೆ, ಬಣ್ಣದ ಪಟಲದಲ್ಲಿ ಅಂಚಿನ ಕಡೆಗೆ ಕಿಂಡಿಯೊಂದನ್ನು ತೆರೆದು ಬೆಳಕಿಗೆ ಬೇರೆ ದಾರಿ ಮಾಡಿಕೊಡುವ ಸರಳ ಚಿಕಿತ್ಸೆಯನ್ನು ವೈದ್ಯರು ಆರಿಸಿಕೊಳ್ಳುತ್ತಾರೆ.

ಹದಿಹರೆಯ ಮತ್ತು ಯೌವನದಲ್ಲಿ ಕಸಿಗೆ ಕಾರಣವಾಗುವ ರೋಗಗಳಲ್ಲಿ ಕೆರಾಟೋಕೋನಸ್ ಪ್ರಮುಖವಾದದ್ದು. ಇದರಲ್ಲಿ ಕಾರ್ನಿಯಾ ತೆಳುವಾಗುತ್ತ ಮುಂದಕ್ಕೆ ಚೂಪಾಗಿ ಉಬ್ಬುತ್ತದೆ. ಅಲರ್ಜಿಯಿಂದ ಕಣ್ಣು ತುರಿಸಿ ಪದೇಪದೇ ಉಜ್ಜಿಕೊಳ್ಳುವ ಅಭ್ಯಾಸ ಅದನ್ನು ಹೆಚ್ಚಿಸುತ್ತದೆ. ಈ ರೋಗಿಗಳ ರೆಟಿನಾ, ಮಿದುಳು ಎರಡೂ ಆರೋಗ್ಯವಾಗಿರುವುದರಿಂದ ಕಸಿಯ ನಂತರ ಇವರಿಗೆ ಬರುವ ದೃಷ್ಟಿ ಸಾಮಾನ್ಯವಾಗಿ ಉತ್ತಮವಾದದ್ದು, ಅಸ್ಟಿಗ್ಮಾಟಿಸಂ ಹೆಚ್ಚಿದ್ದರೆ ಅದಕ್ಕಾಗಿ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಧರಿಸಬೇಕಾಗಿ ಬಂದರೂ ಸಹ. ಆದರೆ ಇವರ ವಿಷಯದಲ್ಲಿ ವಯಸ್ಸನ್ನು ಮುಂದಕ್ಕೆ ಎಣಿಸಬೇಕು. ಇಪ್ಪತ್ತರ ಯುವಕನ ಕಸಿ ಐವತ್ತು ಅರವತ್ತು ವರ್ಷ ಬಾಳಬೇಕು. ಕಸಿಯಾದ ಕಾರ್ನಿಯಾದ ಒಳಕೋಶಗಳೋ ಸಹಜಕ್ಕಿಂತ ಬಲು ವೇಗವಾಗಿ ಕ್ಷೀಣಿಸುತ್ತವೆ. ಆದ್ದರಿಂದ ರೋಗಿಯ ಸ್ವಂತ ಎಂಡೋಥೀಲಿಯಂ ಆರೋಗ್ಯವಾಗಿದ್ದಾಗ ಅದನ್ನು ಹಾಗೆಯೇ ಉಳಿಸಿಕೊಂಡು ಮುಂದಿನ ಪದರಗಳನ್ನಷ್ಟೇ ಬದಲಿಸುವ ವಿಧಾನ ಬಂದಿದೆ. ಕಾರ್ನಿಯಾದ ಆಳಕ್ಕೆ ಗಾಳಿಯನ್ನು ಊದಿ ದೊಡ್ಡ ಗುಳ್ಳೆಯೆಬ್ಬಿಸಿ ಪದರಗಳನ್ನು ಬೇರ್ಪಡಿಸುವ ತಂತ್ರವನ್ನು ಮೊಹಮ್ಮದ್ ಅನ್ವರ್ ಮತ್ತು ಕ್ಲಾಸ್ ಟೈಕ್‌ಮನ್ 2002ರಲ್ಲಿ ಪ್ರಕಟಿಸಿದ ಮೇಲೆ ಇದು ಹೆಚ್ಚು ಬಳಕೆಗೆ ಬಂತು. ಒಳಪದರ ರೋಗಿಯದೇ ಆದ್ದರಿಂದ ಅದರ ತಿರಸ್ಕಾರದ ಭಯ ಇಲ್ಲಿಲ್ಲ. ರೋಗವನ್ನು ಬೇಗ ಗುರುತಿಸಿದರೆ ಬಿ2 ಜೀವಸತ್ವದ ಹನಿಯನ್ನೂ ಅತಿನೇರಳೆ ಕಿರಣವನ್ನೂ ಬಳಸಿ ಕಾರ್ನಿಯಾವನ್ನು ಗಟ್ಟಿಗೊಳಿಸಿ, ಕಸಿಯ ಅಗತ್ಯವೇ ಬಾರದಂತೆ ತಡೆಯಲೂ ಬಹಳಷ್ಟು ಜನರಲ್ಲಿ ಸಾಧ್ಯ.

ಭಾರತದಲ್ಲಿ ಈ ವಯೋಮಾನದ ಚಿತ್ರ ಪಶ್ಚಿಮದ ದೇಶಗಳಿಗಿಂತ ಭಿನ್ನವಾಗಿದೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ ಐವತ್ತರೊಳಗಿನವರ ಕುರುಡುತನಕ್ಕೆ ಮೊದಲ ಕಾರಣ ಕಾರ್ನಿಯಾದ ಮಸುಕು. ಅದರ ಪಾಲು 37.5 ಶೇಕಡ. ಕಬ್ಬಿನ ಗರಿ, ಭತ್ತದ ತೆನೆ, ಹಾರಿಬಂದ ಹೊಟ್ಟು ಕಣ್ಣಿಗೆ ತಾಗಿ ಅದರಿಂದ ಶಿಲೀಂಧ್ರದ ಸೋಂಕು ಹತ್ತಿದ ದುಡಿಯುವ ವಯಸ್ಸಿನ ರೈತರು, ಕೂಲಿಕಾರರು ಇವರಲ್ಲಿ ಹೆಚ್ಚು. ಸೋಂಕು ಆರಿದ ಮೇಲೆ ಉಳಿಯುವ ಕಲೆಯೊಳಗೆ ರಕ್ತನಾಳಗಳು ಬೆಳೆದಿದ್ದರೆ, ಅಥವಾ ಸೋಂಕು ಉರಿಯುತ್ತಿರುವಾಗಲೇ ಕಣ್ಣನ್ನು ಉಳಿಸಲೆಂದು ಕಸಿ ಮಾಡಬೇಕಾಗಿ ಬಂದರೆ, ರೋಗಿಗೆ ಮೂವತ್ತೇ ವರ್ಷವಾಗಿದ್ದರೂ ಫಲ ಅನಿಶ್ಚಿತ. ಕಸಿಗೆ ಕಾರಣವಾದ ರೋಗ ಇಲ್ಲಿ ವಯಸ್ಸಿನ ಲೆಕ್ಕವನ್ನೆಲ್ಲ ಮೀರಿ ನಿಲ್ಲುತ್ತದೆ.

ವೃದ್ಧಾಪ್ಯದಲ್ಲಿ ಸೋಲುವುದು ಹೆಚ್ಚಾಗಿ ಎಂಡೋಥೀಲಿಯಂ. ವಿಯೆನ್ನಾದ ಅರ್ನ್ಸ್ಟ್ ಫುಕ್ಸ್ 1910ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ರೋಗದಲ್ಲಿ ಈ ಕೋಶಗಳು ಕಾಲಕ್ಕೆ ಮುನ್ನವೇ ನಶಿಸುತ್ತವೆ. ರಾತ್ರಿಯಿಡೀ ರೆಪ್ಪೆ ಮುಚ್ಚಿರುವಾಗ ಕಾರ್ನಿಯಾದಿಂದ ನೀರು ಆವಿಯಾಗದ ಕಾರಣ ಬೆಳಿಗ್ಗೆ ಎದ್ದಾಗ ನೋಟ ಮಂಜಾಗಿದ್ದು, ಹೊತ್ತೇರಿದಂತೆ ತಿಳಿಯಾಗುವುದು ಇದರ ಆರಂಭದ ಲಕ್ಷಣ. ಪೊರೆಯ ಶಸ್ತ್ರಚಿಕಿತ್ಸೆಯ ವೇಳೆ ಕೋಶಗಳು ಹೆಚ್ಚಾಗಿ ನಷ್ಟವಾಗಿಯೂ ಇಂಥ ಸ್ಥಿತಿ ಬರಬಹುದು. ಹಿಂದೆ ಇವರಿಗೂ ಪೂರ್ಣ ಕಾರ್ನಿಯಾವನ್ನೇ ಬದಲಿಸಲಾಗುತ್ತಿತ್ತು, ಅದರ ದೃಷ್ಟಿ ಕುದುರಲು ವರ್ಷ ಒಂದೂವರೆ ವರ್ಷ ಹಿಡಿಯುತ್ತಿತ್ತು. ಎಪ್ಪತ್ತೆಂಟರ ಅಜ್ಜಿಯೊಬ್ಬರ ಬದುಕಿನಲ್ಲಿ ಒಂದೂವರೆ ವರ್ಷ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ. ನೆದರ್ಲೆಂಡ್ಸ್‌ನ ಗೆರಿಟ್ ಮೆಲೆಸ್ 1998ರಲ್ಲಿ ಹಿಂಪದರವನ್ನಷ್ಟೇ ಬದಲಿಸುವ ದಾರಿಯನ್ನು ತೋರಿಸಿ, 2006ರ ಹೊತ್ತಿಗೆ ಎಂಡೋಥೀಲಿಯಮ್ಮನ್ನೂ ಅದಕ್ಕೆ ಆಧಾರವಾದ ತೆಳುಪೊರೆಯನ್ನೂ ಮಾತ್ರ ಕಸಿ ಮಾಡುವ, ಡಿಮೆಕ್ ಎಂಬ ವಿಧಾನವನ್ನು ರೂಪಿಸಿದರು.

ಈ ಪೊರೆಯ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ದಾನಿಯ ಕಾರ್ನಿಯಾದಿಂದ ಸುಲಿದ ಕೂಡಲೇ ಅದು ಕೋಶಗಳಿರುವ ಮೈಯನ್ನು ಹೊರಗೆ ಮಾಡಿಕೊಂಡು ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಬಣ್ಣವಿಲ್ಲದ ಅದು ಕಣ್ಣಿಗೆ ಬೀಳುವಂತೆ ನೀಲಿ ಬಣ್ಣ ಹಚ್ಚಿ, ಗಾಜಿನ ನಳಿಕೆಯಿಂದ ರೋಗಿಯ ಕಣ್ಣಿನೊಳಗೆ ಬಿಡುತ್ತಾರೆ. ಆಮೇಲೆ ಶಸ್ತ್ರಚಿಕಿತ್ಸಕರು ಕಾರ್ನಿಯಾದ ಮೇಲೆ ಹೊರಗಿನಿಂದಲೇ ಮೆಲ್ಲಗೆ ತಟ್ಟುತ್ತ, ದ್ರವದ ಸಣ್ಣ ಅಲೆಗಳಿಂದ ಆ ನೀಲಿ ಸುರುಳಿಯನ್ನು ಬಿಡಿಸಿ, ಸರಿಯಾದ ಮೈ ಮೇಲಕ್ಕಿದೆಯೆಂದು ಖಚಿತಪಡಿಸಿಕೊಂಡು, ಕೆಳಗಿನಿಂದ ಗಾಳಿಯ ಗುಳ್ಳೆ ಬಿಟ್ಟು ಅದನ್ನು ಕಾರ್ನಿಯಾಕ್ಕೆ ಅಂಟಿಸುತ್ತಾರೆ. ಕಸಿಗೆ ಹೊಲಿಗೆಯಿಲ್ಲ, ಆಕಾರ ಬದಲಾಗದು, ದೃಷ್ಟಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಕುದುರುತ್ತದೆ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ಎರಡು ವರ್ಷಗಳೊಳಗೆ ತಿರಸ್ಕಾರ ತಲೆದೋರುವ ಸಂಭವ ಪೂರ್ಣ ಕಸಿಯಲ್ಲಿ 18 ಶೇಕಡ, ದಪ್ಪ ಹಿಂಪದರದ ಕಸಿಯಲ್ಲಿ 12 ಶೇಕಡ, ಡಿಮೆಕ್‌ನಲ್ಲಿ ಕೇವಲ 1 ಶೇಕಡವೆಂದು ಕಂಡುಬಂತು. ಗುಳ್ಳೆ ಕರಗುವವರೆಗೆ ಅಂಗಾತ ಮಲಗಿರಬೇಕಾದ್ದು ಮಾತ್ರ ಬೆನ್ನುನೋವು, ಉಬ್ಬಸ ಇರುವ ಹಿರಿಯರಿಗೆ ಕಷ್ಟದ ಮಾತು.

ಹೀಗಿದ್ದೂ ಹಿರಿಯರಲ್ಲಿ ಅಂತಿಮ ದೃಷ್ಟಿ ಕಿರಿಯರಿಗಿಂತ ಸರಾಸರಿಯಲ್ಲಿ ಸ್ವಲ್ಪ ಕೆಳಗಿರುವುದುಂಟು, ಮತ್ತು ಅದರ ಕಾರಣಗಳು ಬಹುಪಾಲು ಕಸಿಯ ಹಿಂದಿವೆ. ರೆಟಿನಾದ ನಟ್ಟನಡುವಿನ, ಓದಲು ಮುಖ ಗುರುತಿಸಲು ಬೇಕಾದ ಮ್ಯಾಕ್ಯುಲಾ ಎಂಬ ಭಾಗ ವಯಸ್ಸಿನಿಂದ ಸವೆದಿರಬಹುದು. ಕಣ್ಣಿನೊತ್ತಡದ ರೋಗವಾದ ಗ್ಲಾಕೋಮಾ ದೃಷ್ಟಿನರವನ್ನು ತಿಂದಿರಬಹುದು. ಕಣ್ಣೀರು ಕಡಿಮೆಯಾಗಿ ಕಣ್ಣಿನ ಮೇಲ್ಮೈ ಒಣಗಿ ಒರಟಾಗಿರಬಹುದು. ಯಾವ ರೋಗವೂ ಇಲ್ಲದ ಮುಪ್ಪಿನಲ್ಲಿಯೂ ಪಾಪೆ ಕಿರಿದಾಗಿ, ಮಂದ ಬೆಳಕಿನಲ್ಲಿ ಛಾಯೆಗಳನ್ನು ಬೇರ್ಪಡಿಸುವ ಶಕ್ತಿ ತಗ್ಗಿರುತ್ತದೆ. ಮಸುಕಾದ ಕಾರ್ನಿಯಾದ ಮೂಲಕ ರೆಟಿನಾವನ್ನು ಸರಿಯಾಗಿ ನೋಡಲಾಗದ ಕಾರಣ ಶಸ್ತ್ರಚಿಕಿತ್ಸೆಗೆ ಮೊದಲು ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಒಳಗಿನ ಸ್ಥಿತಿಯನ್ನು ಅಂದಾಜು ಮಾಡುತ್ತಾರಾದರೂ ಮ್ಯಾಕ್ಯುಲಾದ ಸೂಕ್ಷ್ಮ ಸವೆತ ಅದರಲ್ಲಿ ಕಾಣುವುದಿಲ್ಲ. ಕಸಿ ತಿಳಿಯಾದ ಮೇಲೆಯೇ ನಿಜ ಸಂಗತಿ ಹೊರಬೀಳುವುದುಂಟು. ಹಿರಿಯರ ದೃಷ್ಟಿ ಕೆಳಗಿರಲು ಮತ್ತೊಂದು ಕಾರಣ ವಿಳಂಬ. ಕಾರ್ನಿಯಾ ವರ್ಷಗಟ್ಟಲೆ ಊದಿಕೊಂಡೇ ಇದ್ದರೆ ಅದರ ಮುಂಪದರಗಳಲ್ಲಿ ಕಲೆ ಕಟ್ಟಿ, ಹಿಂಪದರವನ್ನು ಬದಲಿಸಿದ ಮೇಲೂ ಆ ಮಬ್ಬು ಉಳಿದುಬಿಡುತ್ತದೆ. ವಯಸ್ಸಾಯಿತು, ಇನ್ನೇಕೆ ಆಪರೇಷನ್ ಎಂದು ಮನೆಯವರು ಮುಂದೂಡುತ್ತ ಹೋದ ವರ್ಷಗಳೇ ಕೊನೆಗೆ ಹಿರಿಯರ ದೃಷ್ಟಿಯನ್ನು ಕುಗ್ಗಿಸುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತಿದೆ, ಮತ್ತು ಇದು ಅತ್ಯಂತ ನೋವಿನ ಸಂಗತಿ. ಪಟ್ಟಿಯ ಕೊನೆಯ ಸಾಲು ಓದಲಾಗದಿದ್ದರೂ ಬಚ್ಚಲಿಗೆ ತಾವೇ ನಡೆದು ಹೋಗುವಷ್ಟು, ಮಾತ್ರೆಯ ಚೀಟಿ ಗುರುತಿಸುವಷ್ಟು ದೃಷ್ಟಿ ಬಂದರೂ ಆ ವಯಸ್ಸಿನಲ್ಲಿ ಅದು ದೊಡ್ಡ ಗಳಿಕೆ.

ರೋಗಿಯ ವಯಸ್ಸಿನ ಜೊತೆಗೆ ದಾನಿಯ ವಯಸ್ಸಿನ ಪ್ರಶ್ನೆಯೂ ಜನರ ಮನಸ್ಸಿನಲ್ಲಿದೆ. ಮೊರಾವಿಯಾದ ಓಲೋಮೋಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಝಿರ್ಮ್ 1905ರ ಡಿಸೆಂಬರ್ 7ರಂದು ನಡೆಸಿದ, ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಮೊಟ್ಟಮೊದಲ ಯಶಸ್ವಿ ಕಾರ್ನಿಯಾ ಕಸಿಯಲ್ಲಿ, ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ 45 ವರ್ಷದ ಕಾರ್ಮಿಕನಿಗೆ 11 ವರ್ಷದ ಬಾಲಕನೊಬ್ಬನ, ಗಾಯಗೊಂಡು ತೆಗೆಯಲೇಬೇಕಾಗಿದ್ದ ಕಣ್ಣಿನ ಕಾರ್ನಿಯಾವನ್ನು ಜೋಡಿಸಲಾಗಿತ್ತು. ಎರಡರಲ್ಲಿ ಒಂದು ಕಸಿ ತಿಳಿಯಾಗಿ ಉಳಿಯಿತು. ಎಳೆಯ ಕಾರ್ನಿಯಾವೇ ಬೇಕೇ ಎಂಬುದನ್ನು ಅಮೆರಿಕದ ಕಾರ್ನಿಯಾ ದಾನಿ ಅಧ್ಯಯನ ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರಿಶೀಲಿಸಿತು. ಐದು ವರ್ಷಗಳ ನಂತರ, 12ರಿಂದ 65 ವರ್ಷದ ದಾನಿಗಳ ಕಾರ್ನಿಯಾ ಪಡೆದವರಲ್ಲೂ 66ರಿಂದ 75 ವರ್ಷದ ದಾನಿಗಳ ಕಾರ್ನಿಯಾ ಪಡೆದವರಲ್ಲೂ 86 ಶೇಕಡ ಕಸಿಗಳು ಉಳಿದಿದ್ದವು. ಹತ್ತು ವರ್ಷಗಳ ನಂತರ 34ರಿಂದ 71ರವರೆಗಿನ ದಾನಿಗಳಲ್ಲಿ ಫಲ 75 ಶೇಕಡದಷ್ಟು ಒಂದೇ ಸಮನಾಗಿದ್ದು, ಅದಕ್ಕಿಂತ ಎಳೆಯರಲ್ಲಿ ಹೆಚ್ಚೂ 72 ದಾಟಿದವರಲ್ಲಿ ಕಡಿಮೆಯೂ ಆಗಿತ್ತು. ಡಿಮೆಕ್ ವಿಧಾನದಲ್ಲಂತೂ ಎಳೆಯ ದಾನಿಗಳ ಪೊರೆ ಬಿಗಿಯಾಗಿ ಸುತ್ತಿಕೊಂಡು ಬಿಡಿಸಲು ಬಾರದ ಕಾರಣ ಶಸ್ತ್ರಚಿಕಿತ್ಸಕರು ಐವತ್ತು ದಾಟಿದ ದಾನಿಗಳನ್ನೇ ಬಯಸುತ್ತಾರೆ.

ನೇತ್ರದಾನಕ್ಕೆ ವಯಸ್ಸು ಅಡ್ಡಿಯಲ್ಲ ಎಂಬ ಮಾತನ್ನು ಕನ್ನಡಿಗರಿಗೆ ಅಂಕಿಗಳಿಗಿಂತ ಚೆನ್ನಾಗಿ ಮನಗಾಣಿಸಿದವರು ಚಿತ್ರನಟರಾದ ತಂದೆ ಮಗ ಇಬ್ಬರು. 2006ರ ಏಪ್ರಿಲ್ 12ರಂದು ನಿಧನರಾದ ಡಾ. ರಾಜ್‌ಕುಮಾರ್ ಅವರಿಗೆ ಆಗ 76 ವರ್ಷ, 2021ರ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜ್‌ಕುಮಾರ್ ಅವರಿಗೆ 46 ವರ್ಷ. ಇಬ್ಬರ ಕಣ್ಣುಗಳೂ ದಾನವಾದವು. ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಮುಂಪದರ, ಹಿಂಪದರ ಎಂದು ಸೀಳಿ ನಾಲ್ವರಿಗೆ ಕಸಿ ಮಾಡಲಾಯಿತು. ಕನ್ನಡಕ ಧರಿಸುವವರೂ, ಪೊರೆಯ ಶಸ್ತ್ರಚಿಕಿತ್ಸೆಯಾದವರೂ ನೇತ್ರದಾನ ಮಾಡಬಹುದು. ನಿಧನವಾದ ಕೂಡಲೇ ನೇತ್ರ ಬ್ಯಾಂಕಿಗೆ ತಿಳಿಸಿ ಆರು ಗಂಟೆಯೊಳಗೆ ಕಣ್ಣು ಪಡೆಯುವಂತೆ ಮಾಡಿದರೆ, ಆ ಕಾರ್ನಿಯಾ ಯಾರಿಗೆ ಹೊಂದುತ್ತದೆ ಎಂಬುದನ್ನು ಒಳಕೋಶಗಳನ್ನು ಎಣಿಸಿ ನಿರ್ಧರಿಸುವುದು ಬ್ಯಾಂಕಿನ ಕೆಲಸ.

ಕಸಿಯಾದ ಕಣ್ಣಿಗೆ ತಿರಸ್ಕಾರದ ಅಪಾಯ ಮೊದಲ ಎರಡು ವರ್ಷಗಳಲ್ಲಿ ಹೆಚ್ಚಾಗಿದ್ದರೂ ಹತ್ತು ವರ್ಷಗಳ ನಂತರವೂ ಬರಬಹುದು. ಕಣ್ಣು ಕೆಂಪಾಗುವುದು, ಬೆಳಕು ಚುಚ್ಚುವುದು, ನೋಟ ಮಂಜಾಗುವುದು, ನೋವು, ಇವು ಅದರ ಗುರುತುಗಳು. ಕಂಡ ಕೂಡಲೇ ಸ್ಟೀರಾಯ್ಡ್ ಹನಿ ಆರಂಭಿಸಿದರೆ ಅನೇಕ ಕಸಿಗಳನ್ನು ಉಳಿಸಿಕೊಳ್ಳಬಹುದು. ಆದರೆ ಮಗುವಿಗೆ ಇದನ್ನು ಹೇಳಲು ಬಾರದು, ಕೆಲಸಕ್ಕೆ ಓಡುವ ಯುವಕರು ನಾಳೆ ನೋಡೋಣ ಎನ್ನುತ್ತಾರೆ, ಹಿರಿಯರು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಕೈ ನಡುಗುವ ಹಿರಿಯರು ಹಾಕಿಕೊಂಡ ಹನಿ ಕಣ್ಣಿಗೆ ಬಿತ್ತೋ ಕೆನ್ನೆಗೆ ಬಿತ್ತೋ ಎಂಬುದು ಅವರಿಗೇ ತಿಳಿಯುವುದಿಲ್ಲ. ಆದ್ದರಿಂದ ಹನಿ ಹಾಕುವ ಹೊಣೆಯನ್ನು ಮನೆಯಲ್ಲಿ ಒಬ್ಬರು ಹೊತ್ತು, ದಿನಕ್ಕೊಮ್ಮೆ ಆ ಕಣ್ಣಿನ ಬಣ್ಣ ನೋಡಿ, ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ಅದೇ ಸಾಲನ್ನು ಅದೇ ದೂರದಿಂದ ಓದಿಸಬೇಕು. ನಿನ್ನೆ ಕಂಡದ್ದು ಇಂದು ಕಾಣದಿದ್ದರೆ ಅಂದೇ ಆಸ್ಪತ್ರೆಗೆ ಹೊರಡಬೇಕು.